ಹತ್ತರಲ್ಲಿ ಮೂರು

ಹತ್ತರೊಳಗೆ ನೋವು ಎಷ್ಟಿದೆ ಎಂದು ಡಾಕ್ಟರು ಕೇಳಿದಾಗ ಚೌಡಣ್ಣ ಮೂರು ಎಂದ. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರುವಾಯಿತು.

ನೋವು ಮೂರರದ್ದಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಮಲಗಿದಾಗ ಐದು, ಕೆಳಹೊಟ್ಟೆ ಹಿಡಿದುಕೊಂಡಾಗ ಎಂಟು. ಆದರೆ ನಲವತ್ತು ವರ್ಷ ಎತ್ತು ಕುರಿಗಳ ಸಂತೆಯಲ್ಲಿ ದಲಾಲಿ ಮಾಡಿದ ಮನುಷ್ಯ ಕೇಳಿದ ಕೂಡಲೇ ನಿಜವಾದ ಅಂಕಿಯನ್ನು ಬಾಯಿಬಿಟ್ಟು ಹೇಳುವುದುಂಟೇ? ಡಾಕ್ಟರ ಕೈಯಲ್ಲಿ ಪೆನ್ನಿತ್ತು. ಹಿಂದೆ ನರ್ಸ್ ಶಿವಲೀಲಾ ಫೈಲು ಹಿಡಿದು ನಿಂತಿದ್ದಳು. ಮನೆಗೆ ಕಳಿಸುವುದೋ ಇನ್ನೂ ಎರಡು ದಿನ ಇಟ್ಟುಕೊಳ್ಳುವುದೋ ಎಂಬುದು ತನ್ನ ಉತ್ತರದ ಮೇಲಿದೆ ಎಂದು ಅವನು ಊಹಿಸಿದ. ಎಂಟು ಅಂದರೆ ಬಿಡುವುದಿಲ್ಲ. ಮೂರು ಅಂದರೆ ಡಾಕ್ಟರು ಹೇಗೂ ನಂಬುವುದಿಲ್ಲ, ಸರಿಯಾಗಿ ಹೇಳಿ ಅನ್ನುತ್ತಾರೆ. ಆಗ ತಾನು ನಾಲ್ಕು ಎನ್ನಬೇಕು, ಅವರು ಆರು ಎನ್ನಬೇಕು, ಐದಕ್ಕೆ ಮಾತು ಮುಗಿಯಬೇಕು. ಐದಕ್ಕೆ ಮನೆಗೂ ಕಳಿಸುತ್ತಾರೆ, ಗಟ್ಟಿಯಾದ ಮಾತ್ರೆಯನ್ನೂ ಕೊಡುತ್ತಾರೆ. ಇದು ಅವನ ಅಂದಾಜು.

ಡಾಕ್ಟರು ಚೌಕಾಸಿ ಮಾಡಲಿಲ್ಲ. ಮೂರು ಎಂದು ಬರೆದುಕೊಂಡು ಮುಂದಿನ ಹಾಸಿಗೆಗೆ ಹೋದರು.

ಚೌಡಣ್ಣನಿಗೆ ಆಗಿದ್ದು ಪ್ರಾಸ್ಟೇಟ್ ಆಪರೇಷನ್. ಒಂದು ವರ್ಷದಿಂದ ಅವನು ಒಂದಕ್ಕೆ ಹೋದರೆ ಹೋದಲ್ಲೇ ನಿಲ್ಲುತ್ತಿದ್ದ. ಹನಿ ಹನಿ ಬರುತ್ತಿತ್ತು, ಮುಗಿಯಿತು ಎಂದು ಬಂದರೆ ಮತ್ತೆ ಹೋಗಬೇಕೆನಿಸುತ್ತಿತ್ತು. ಕೊನೆಗೊಂದು ದಿನ ಪೂರ್ತಿ ಕಟ್ಟಿಕೊಂಡು ಹೊಟ್ಟೆ ಗಡಿಗೆಯಂತೆ ಬಿಗಿದಾಗ ಮಗ ದುರುಗೇಶ್ ಪಿಕಪ್ಪಿನಲ್ಲಿ ಹಾಕಿಕೊಂಡು ದಾವಣಗೆರೆಗೆ ಓಡಿಸಿದ. ಅಲ್ಲಿಯ ಆಸ್ಪತ್ರೆಯಲ್ಲಿ ಹೊರಗೆ ಎಲ್ಲೂ ಕೊಯ್ಯದೆ, ಮೂತ್ರದ ದಾರಿಯಿಂದಲೇ ಒಳಗೆ ಹೋಗಿ, ಊದಿದ್ದನ್ನು ಕೆರೆದು ತೆಗೆದರು. ಹೊರಗೆ ಗಾಯವಿಲ್ಲ, ಹೊಲಿಗೆಯಿಲ್ಲ. ಇದ್ದದ್ದು ಒಂದು ರಬ್ಬರು ಪೈಪು, ಅದರ ತುದಿಗೆ ತೊಡೆಯ ಪಕ್ಕದಲ್ಲಿ ತೂಗುವ ಚೀಲ. ಒಳಗಿನ ಗಾಯ ಮಾಯುವವರೆಗೆ ಇನ್ನೂ ಎಂಟು ದಿನ ಪೈಪು ಇರಬೇಕು, ಆಮೇಲೆ ಬಂದು ತೆಗೆಸಿಕೊಳ್ಳಬೇಕು ಎಂದು ಹೇಳಿ ಮೂರನೆಯ ದಿನ ಮನೆಗೆ ಕಳಿಸಿದರು. ಹತ್ತು ಸಣ್ಣ ಮಾತ್ರೆಗಳ ಒಂದು ಪಟ್ಟಿ ಕೊಟ್ಟರು. ಕೆಳಹೊಟ್ಟೆ ಹಿಡಿದುಕೊಂಡರೆ ಮಾತ್ರ ತೆಗೆದುಕೊಳ್ಳಿ, ದಿನಕ್ಕೆ ಎರಡರ ಮೇಲೆ ಬೇಡ ಎಂದರು. ಮೂರು ಅಂದವನಿಗೆ ಅಷ್ಟು ಸಾಕಲ್ಲ.

ಅವನ ಊರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಮನೆಯ ಮುಂದೆ ಬೇವಿನ ಮರ, ಮರದ ಬುಡದಲ್ಲಿ ಹುರಿ ಹೆಣೆದ ನುಲಕಿ ಮಂಚ. ಅದರ ಮೇಲೆ ಭರಮಮ್ಮ ಎರಡು ಕಂಬಳಿ ಹಾಸಿ ಗಂಡನನ್ನು ಮಲಗಿಸಿದಳು. ಚೀಲ ನೆಲಕ್ಕೆ ತಾಗದ ಹಾಗೆ ಮಂಚದ ಕಾಲಿಗೆ ಕಟ್ಟಿ, ಯಾರ ಕಣ್ಣಿಗೂ ಬೀಳದಿರಲಿ ಎಂದು ಅದರ ಮೇಲೆ ತನ್ನ ಹಳೆಯ ಸೀರೆಯ ತುಂಡು ಇಳಿಬಿಟ್ಟಳು. ದುರುಗೇಶ್ ಕುರಿ ಮಂದೆಯನ್ನು ಹಡಗಲಿ ಕಡೆಯ ಹೊಲಗಳಲ್ಲಿ ನಿಲ್ಲಿಸಿದ್ದ. ತಂದೆಯನ್ನು ಮನೆಗೆ ಮುಟ್ಟಿಸಿ ಅತ್ತ ಹೋದ.

ನೋವು ಅಂದರೆ ಏನು ಎಂದು ಚೌಡಣ್ಣನಿಗೆ ತಿಳಿಯದ ಮಾತಲ್ಲ. ಹೋರಿ ಹಾದು ಅವನ ಪಕ್ಕೆಲುಬು ಮುರಿದಿತ್ತು. ಚೇಳು ಎರಡು ಸಲ ಕುಟುಕಿತ್ತು. ಆದರೆ ಇದು ಅಂಥದ್ದಲ್ಲ. ಇದು ಹೇಳದೆ ಬರುತ್ತಿತ್ತು. ಸುಮ್ಮನೆ ಮಲಗಿರುವಾಗ ಕೆಳಹೊಟ್ಟೆಯೊಳಗೆ ಯಾರೋ ಒದ್ದೆ ಕಂಬಳಿಯನ್ನು ಎರಡೂ ಕೈಯಿಂದ ಹಿಂಡಿದಂತಾಗುತ್ತಿತ್ತು. ಅದರ ಜೊತೆಗೆ ಈಗಿಂದೀಗ ಒಂದಕ್ಕೆ ಹೋಗಬೇಕು, ಒಂದು ಗಳಿಗೆಯೂ ತಡೆಯಲಾಗದು ಎಂಬ ಅವಸರ. ಪೈಪು ಇದೆ, ಮೂತ್ರ ತಾನಾಗಿಯೇ ಚೀಲಕ್ಕೆ ಇಳಿಯುತ್ತಿದೆ, ಹೋಗುವುದೇನೂ ಇಲ್ಲ ಎಂದು ತಲೆಗೆ ಗೊತ್ತು. ದೇಹಕ್ಕೆ ಗೊತ್ತಿಲ್ಲ. ಅವನು ಹಲ್ಲು ಕಚ್ಚಿ ತಿಣುಕುತ್ತಿದ್ದ. ತಿಣುಕಿದಷ್ಟೂ ಹಿಂಡುವುದು ಹೆಚ್ಚಾಗುತ್ತಿತ್ತು. ಪೈಪಿನ ಸುತ್ತಲಿಂದ ನಾಲ್ಕು ಹನಿ ಹೊರಗೆ ಬಂದು ಪಂಚೆ ತೋಯುತ್ತಿತ್ತು. ನಿಮಿಷವೋ ಎರಡು ನಿಮಿಷವೋ ಆದಮೇಲೆ ಬಿಡುತ್ತಿತ್ತು. ಬಿಟ್ಟಮೇಲೆ ಚೀಲದೊಳಗಿನ ನೀರು ಸ್ವಲ್ಪ ಕೆಂಪಾಗಿ ಕಾಣುತ್ತಿತ್ತು.

ಮಾತ್ರೆಯ ವಿಷಯದಲ್ಲೂ ಅವನ ಹಳೆಯ ರೂಢಿಯೇ ನಡೆಯಿತು. ಸಂತೆಯಲ್ಲಿ ಒಳ್ಳೆಯ ಎತ್ತಿನ ಜೋಡಿ ಕೈಯಲ್ಲಿದ್ದರೆ ಅವನು ಬೆಳಿಗ್ಗೆಯೇ ಬಿಟ್ಟುಕೊಟ್ಟವನಲ್ಲ. ಬಿಸಿಲು ಏರಲಿ, ಕೊಳ್ಳುವವನ ಕಾಲು ಸೋಲಲಿ ಎಂದು ಕಾಯುತ್ತಿದ್ದ. ಹಾಗೆಯೇ ಮಾತ್ರೆಯನ್ನೂ ಹಿಡಿದಿಟ್ಟ. ಇದು ಅಂಥ ದೊಡ್ಡ ಹಿಡಿತವಲ್ಲ, ಇದಕ್ಕೆ ಖರ್ಚು ಮಾಡುವುದು ಬೇಡ, ಮುಂದಿನದಕ್ಕಿರಲಿ. ಮುಂದಿನದು ಬಂದಾಗಲೂ ಅದೇ ಮಾತು. ಕಣ್ಣಲ್ಲಿ ನೀರು ಬರುವ ಹಿಡಿತ ಬಂದಾಗ ಒಂದು ಮಾತ್ರೆ ನುಂಗಿದ. ಅದು ಹೊಟ್ಟೆಗಿಳಿದು ಕೆಲಸಕ್ಕೆ ಹತ್ತುವ ಹೊತ್ತಿಗೆ ಹಿಡಿತ ತಾನಾಗಿಯೇ ಬಿಟ್ಟು ಗಂಟೆ ಕಳೆದಿತ್ತು. ಮರುದಿನ ಇನ್ನೊಂದು ನುಂಗಿದಾಗಲೂ ಹಾಗೇ ಆಯಿತು. ನಾಲಿಗೆ ಒಣಗಿದ್ದು ಬಿಟ್ಟರೆ ಅದರಿಂದ ಏನೂ ಆಗಲಿಲ್ಲ ಎನಿಸಿತು. ಇದು ಸತ್ವವಿಲ್ಲದ ಮಾತ್ರೆ, ಮೈಗೆ ಉಷ್ಣ ಬೇರೆ, ಎಂದು ತೀರ್ಮಾನಿಸಿ ಪಟ್ಟಿಯನ್ನು ದಿಂಬಿನ ಕೆಳಗೆ ತಳ್ಳಿದ.

ನೀರಿನದು ಮತ್ತೊಂದು. ದಿನಕ್ಕೆ ಇಷ್ಟು ತಂಬಿಗೆ ಕುಡಿಯಲೇಬೇಕು ಎಂದು ಶಿವಲೀಲಾ ಬೆರಳು ಮಡಿಸಿ ಹೇಳಿದ್ದಳು. ಒಳಗೆ ಹೋದದ್ದೆಲ್ಲ ಈ ದಾರಿಯಿಂದಲೇ ಬರಬೇಕಲ್ಲ, ಕಡಿಮೆ ಹೋದರೆ ಕಡಿಮೆ ಕಾಟ ಎಂಬುದು ಚೌಡಣ್ಣನ ವಿಚಾರ. ಭರಮಮ್ಮ ತಂದಿಟ್ಟ ತಂಬಿಗೆಯಿಂದ ಎರಡು ಗುಟುಕು ಕುಡಿದು, ಅವಳು ಒಳಗೆ ಹೋದ ಮೇಲೆ ಉಳಿದದ್ದನ್ನು ಬೇವಿನ ಬುಡಕ್ಕೆ ಚೆಲ್ಲುತ್ತಿದ್ದ.

ಭರಮಮ್ಮ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಅವನು ಪರವಾಗಿಲ್ಲ ಎನ್ನುತ್ತಿದ್ದ. ನೋವು ಎಲ್ಲಿ ಎಂದರೆ ಹೊಟ್ಟೆ ಎನ್ನುತ್ತಿದ್ದ. ಹೊಟ್ಟೆಯಲ್ಲಿ ಎಲ್ಲಿ ಎಂದರೆ ಮುಖ ತಿರುಗಿಸುತ್ತಿದ್ದ. ಮೂರು ಮಕ್ಕಳನ್ನು ಹೆತ್ತ ಹೆಂಡತಿಯ ಮುಂದೆ ಯಾವ ನಾಚಿಕೆ ಎಂದು ಅವಳು ಕೇಳುತ್ತಿದ್ದಳು. ನಾಚಿಕೆಗಿಂತ ಹೆಚ್ಚಾಗಿ ಅದು ಕಲಿಯದೇ ಹೋದ ವಿದ್ಯೆ. ತನ್ನದು ಎಷ್ಟು ಎಂದು ಎದುರಿಗಿದ್ದವರಿಗೆ ತಿಳಿಯಬಾರದು ಎಂದೇ ಅವನು ಅನ್ನ ತಿಂದಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಒಂದರ ಹಿಂದೆ ಒಂದು ಐದು ಸಲ ಹಿಡಿಯಿತು. ಐದನೆಯದು ಬಿಡುವಾಗ ಚೌಡಣ್ಣನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಆಗ ಅವನೊಂದು ನಿಶ್ಚಯಕ್ಕೆ ಬಂದ. ಈ ಕಾಟಕ್ಕೆಲ್ಲ ಪೈಪೇ ಕಾರಣ. ಪೈಪು ಹೋದರೆ ಕಾಟ ಹೋಗುತ್ತದೆ. ಕುರಿಗಳ ಗೊರಸು ಕೆತ್ತಿ, ಹುಣ್ಣು ಕೊಯ್ದು, ಅಡ್ಡಲಾಗಿ ನಿಂತ ಮರಿಯನ್ನು ಒಳಗೆ ಕೈ ಹಾಕಿ ತಿರುಗಿಸಿ ಎಳೆದ ಕೈ ತನ್ನದು. ಒಂದು ರಬ್ಬರು ಪೈಪು ಯಾವ ಲೆಕ್ಕ? ಭರಮಮ್ಮ ಹಿತ್ತಲಿಗೆ ಹೋದಾಗ ಮೆಲ್ಲಗೆ ಎದ್ದು, ಚೀಲ ಕೈಯಲ್ಲಿ ಹಿಡಿದು, ಗೋಡೆಯ ಗೂಡಿನಿಂದ ಉಣ್ಣೆ ಕತ್ತರಿ ತಂದು ಕಂಬಳಿಯ ಕೆಳಗೆ ಇಟ್ಟುಕೊಂಡ. ಮಧ್ಯಾಹ್ನ ಉಂಡ ಮೇಲೆ ಅವಳು ಒಂದು ಗಳಿಗೆ ಅಡ್ಡಾಗುತ್ತಾಳೆ. ಆಗ ಕತ್ತರಿಸಿ, ಎಳೆದುಬಿಡುವುದು. ಒಳಗೆ ಏನೋ ಬಲೂನು ಇದೆ, ಅದು ಪೈಪನ್ನು ಹಿಡಿದಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಬಲೂನು ತಾನೇ, ಒಡೆದು ಬಂದೀತು ಎಂದುಕೊಂಡ.

ಊಟದ ಹೊತ್ತಿಗೆ ಸರಿಯಾಗಿ ಅಜ್ಜಯ್ಯ ಬಂದ.

ಅಜ್ಜಯ್ಯ ಕೊಟ್ಟೂರಿನವನು, ಎತ್ತಿನ ದಲಾಲಿ. ಮೂವತ್ತು ವರ್ಷ ಇಬ್ಬರೂ ಒಂದೇ ಸಂತೆಯಲ್ಲಿ ನಿಂತವರು, ಬಹಳ ಸಲ ಎದುರು ಬದುರಾಗಿ. ಒಬ್ಬ ಮಾರುವವನ ಕಡೆ, ಇನ್ನೊಬ್ಬ ಕೊಳ್ಳುವವನ ಕಡೆ. ಹಣೆಯ ಮೇಲೆ ವಿಭೂತಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕಾಗದದ ಪೊಟ್ಟಣ. ಪೊಟ್ಟಣ ಬಿಚ್ಚುವ ಮೊದಲೇ ಬಿಸಿ ಮಿರ್ಚಿ ಬಜ್ಜಿಯ ವಾಸನೆ ಅಂಗಳ ತುಂಬಿತು. ಖಾರ ಮುಟ್ಟಬಾರದು ಎಂದಿದ್ದಾರೆ ಎಂದು ಭರಮಮ್ಮ ಪೊಟ್ಟಣವನ್ನು ಅಲ್ಲೇ ಇಸಿದುಕೊಂಡಳು.

“ಮಿರ್ಚಿ ನಿನಗಲ್ಲ ಬಿಡಲೇ ಚೌಡ, ತಂಗೆವ್ವಗ ತಂದೀನಿ,” ಎಂದು ಅಜ್ಜಯ್ಯ ಮಂಚದ ತುದಿಗೆ ಕುಳಿತ. “ನಿನ್ನ ಮಕ ನೋಡ್ಕೊಂಡಿಯೇನು ಕನ್ನಡಿಯಾಗ? ಮಾರಾಕ ಬಂದ ಮುದಿ ಎತ್ತಿಗೆ ಇದ್ದಂಗೈತಿ.”

“ಆ ಎತ್ತಿನ ಬಾಯಾಗ ಹಲ್ಲರ ಅದಾವು. ನಿನ್ನ ಬಾಯಾಗ ಏನೈತಿ ತೋರ್ಸು,” ಎಂದ ಚೌಡಣ್ಣ.

ಅಜ್ಜಯ್ಯ ನಕ್ಕು ಸಂತೆಯ ಸುದ್ದಿ ಹೇಳತೊಡಗಿದ. ಹೋದ ವಾರ ಹರಪನಹಳ್ಳಿ ಕಡೆಯವರು ತಂದ ಒಂದು ಜೋಡಿಯನ್ನು ಯಾರೂ ಮುಟ್ಟಲಿಲ್ಲ, ಎಡಗಡೆಯದಕ್ಕೆ ಮೈಮೇಲಿನ ಕೂದಲ ಸುಳಿ ಸರಿಯಿಲ್ಲ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಸುಳಿ ನೋಡಿದವನು ತಾನು, ಸುಳಿ ಬಂಗಾರದಂತಿತ್ತು. ಚೌಡಣ್ಣ ಇದ್ದಿದ್ದರೆ ಒಂದೇ ಮಾತಿಗೆ ಅದನ್ನು ಮಾರಿಸುತ್ತಿದ್ದ. ಹೀಗೆ ಹೇಳುತ್ತ ಹೇಳುತ್ತ ಅಜ್ಜಯ್ಯ ನಡುವೆ ನಿಲ್ಲಿಸಿದ. ಕೇಳುತ್ತಿದ್ದವನ ಕಣ್ಣು ಎಲ್ಲೋ ಹೋಗಿತ್ತು. ಚೌಡಣ್ಣನ ಒಂದು ಕೈ ಮಂಚದ ನುಲಿಯನ್ನು ಬಿಗಿಯಾಗಿ ಹಿಡಿದಿತ್ತು. ಕತ್ತಿನ ನರ ಹುರಿಯಂತೆ ಎದ್ದಿತ್ತು. ಉಸಿರು ನಿಂತಿತ್ತು.

ಭರಮಮ್ಮ ಹೊಸ್ತಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದಳು. ಚೌಡಣ್ಣ ಹಲ್ಲಿನ ನಡುವಿನಿಂದ ಅದೇ ಉತ್ತರ ಕೊಟ್ಟ. ಪರವಾಗಿಲ್ಲ.

ಅಜ್ಜಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ನಡುವೆ ಹಾಸಿ, ಅದರ ಕೆಳಗೆ ತನ್ನ ಬಲಗೈ ಚಾಚಿದ.

ಆ ಕಡೆಯ ಎತ್ತಿನ ಸಂತೆಗಳಲ್ಲಿ ಬೆಲೆ ಮಾತನಾಡುವುದು ಹೀಗೆಯೇ. ಬಾಯಲ್ಲಿ ಏನು ಬೇಕಾದರೂ ಕೂಗಬಹುದು. ಹೊಗಳಬಹುದು, ಹಳಿಯಬಹುದು, ಇಲ್ಲದ ಅಂಕಿ ಹೇಳಿ ಆಣೆಯನ್ನೂ ಇಡಬಹುದು. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ಅದು ಸಂತೆಯ ಮಾತು. ಆದರೆ ಬಟ್ಟೆಯ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿದರೆ ಹಿಡಿದಷ್ಟೇ. ಅಲ್ಲಿ ಸುಳ್ಳು ಹೇಳಿದ ಕೈಗೆ ಇನ್ನೊಂದು ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ಚೌಡಣ್ಣನ ಕೈ ಅಂಥ ಹೆಸರು ಕೆಡಿಸಿಕೊಂಡದ್ದಲ್ಲ.

ಹಿಡಿತ ಇನ್ನೂ ಬಿಟ್ಟಿರಲಿಲ್ಲ. ಚೌಡಣ್ಣ ಟವೆಲ್ಲು ನೋಡಿದ, ಅಜ್ಜಯ್ಯನ ಮುಖ ನೋಡಿದ. ಆಮೇಲೆ ನುಲಿ ಬಿಟ್ಟು ಕೈಯನ್ನು ಬಟ್ಟೆಯ ಕೆಳಗೆ ತೂರಿಸಿದ. ಅಜ್ಜಯ್ಯನ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒಮ್ಮೆ ಒತ್ತಿದ. ಬಿಟ್ಟ. ಹೆಬ್ಬೆರಳು ಹೊರಗಿಟ್ಟು ಉಳಿದ ನಾಲ್ಕನ್ನು ಹಿಡಿದು ಮತ್ತೊಮ್ಮೆ ಒತ್ತಿದ. ಆಮೇಲೆ ಕೈ ಬಿಡಲಿಲ್ಲ. ಹಿಡಿತ ಪೂರ್ತಿ ಇಳಿಯುವವರೆಗೆ ಆ ನಾಲ್ಕು ಬೆರಳಿಗೆ ಜೋತುಬಿದ್ದುಕೊಂಡೇ ಇದ್ದ.

ಅಜ್ಜಯ್ಯನ ಮುಖದ ನಗು ಇಳಿಯಿತು.

“ಏನಂದ್ರು?” ಎಂದಳು ಭರಮಮ್ಮ. ಅವಳಿಗೆ ಬೆರಳಿನ ಭಾಷೆ ಬರದಿದ್ದರೂ ಅಲ್ಲೊಂದು ಮಾತು ನಡೆಯಿತು ಎಂಬುದು ತಿಳಿದಿತ್ತು.

ಅಜ್ಜಯ್ಯ ಟವೆಲ್ಲು ಮಡಿಸತೊಡಗಿದ. ಬಟ್ಟೆಯ ಕೆಳಗಿನದನ್ನು ಹೊರಗೆ ಆಡುವ ಪದ್ಧತಿ ಇಲ್ಲ ತಂಗೆವ್ವಾ ಎಂದು ಗೊಣಗಿದ.

ಭರಮಮ್ಮ ಹೊಸ್ತಿಲು ದಾಟಿ ಬಂದು ಮಂಚದ ಮುಂದೆ ನಿಂತಳು. ದನಿ ಎತ್ತರಿಸಲಿಲ್ಲ.

“ನಲವತ್ತು ವರ್ಸ ಆತು ಅಣ್ಣಾರ ಇವರ ಜೊತಿ ಬಾಳುವಿ ಮಾಡಾಕ ಹತ್ತಿ. ನನಗ ಹೇಳ್ಲಿಲ್ಲ, ದೊಡ್ಡ ಡಾಕ್ಟರಿಗೆ ಹೇಳ್ಲಿಲ್ಲ. ನಿಮ್ಮ ಕೈಯಾಗ ಹೇಳ್ಯಾರ. ಇದು ಎತ್ತಿನ ರೇಟಲ್ಲ. ನನ್ನ ಗಂಡನ ಜೀವ. ಹೇಳ್ರಿ.”

ಅಜ್ಜಯ್ಯ ಚೌಡಣ್ಣನ ಕಡೆ ನೋಡಿದ. ಚೌಡಣ್ಣ ಬೇವಿನ ಕೊಂಬೆಗಳ ಕಡೆ ನೋಡುತ್ತಿದ್ದ. ಬೇಡ ಎನ್ನಲಿಲ್ಲ.

“ಒಂಬತ್ತು,” ಎಂದ ಅಜ್ಜಯ್ಯ.

ಆಮೇಲೆ ಚೌಡಣ್ಣ ತಾನಾಗಿಯೇ ಕಂಬಳಿಯ ಕೆಳಗೆ ಕೈ ಹಾಕಿ, ಕತ್ತರಿ ತೆಗೆದು ಮಂಚದ ಮೇಲಿಟ್ಟ. ಉಂಡ ಮೇಲೆ ಪೈಪು ಕತ್ತರಿಸಬೇಕೆಂದಿದ್ದೆ ಎಂದ. ಭರಮಮ್ಮ ಕತ್ತರಿ ಎತ್ತಿಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಫೋನಿತ್ತು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಚೀಟಿ. ಚೀಟಿಯ ಮೂಲೆಯಲ್ಲಿ ಶಿವಲೀಲಾ ಬರೆದುಕೊಟ್ಟ ನಂಬರಿಗೆ ಅಜ್ಜಯ್ಯ ಫೋನು ಹಚ್ಚಿದ.

ಶಿವಲೀಲಾ ಮೊದಲು ಕೇಳಿದ್ದು ನೋವಿನ ಮಾತಲ್ಲ. ಚೀಲಕ್ಕೆ ಮೂತ್ರ ಬರುತ್ತಿದೆಯೇ, ಬಣ್ಣ ಹೇಗಿದೆ, ರಕ್ತದ ಗಡ್ಡೆ ಕಾಣುತ್ತವೆಯೇ, ಮೈ ಬಿಸಿಯಿದೆಯೇ, ಪೈಪು ಎಲ್ಲಾದರೂ ಮಡಚಿದೆಯೇ. ಭರಮಮ್ಮ ಒಂದೊಂದನ್ನೂ ನೋಡಿ ಹೇಳಿದಳು. ಬರುತ್ತಿದೆ, ಸ್ವಲ್ಪ ಕೆಂಪು, ಗಡ್ಡೆಯಿಲ್ಲ, ಜ್ವರವಿಲ್ಲ. ಪೈಪು ತೊಡೆಯ ಕೆಳಗೆ ಸಿಕ್ಕಿ ಚಪ್ಪಟೆಯಾಗಿತ್ತು, ಬಿಡಿಸಿದಳು. ಮಾತ್ರೆ ಎಷ್ಟು ಉಳಿದಿವೆ ಎಂದು ಶಿವಲೀಲಾ ಕೇಳಿದಾಗ ದಿಂಬಿನ ಕೆಳಗಿನ ಪಟ್ಟಿ ಹೊರಗೆ ಬಂತು. ನಾಲ್ಕು ದಿನದಲ್ಲಿ ಎರಡು ಖಾಲಿ, ಎಂಟು ಹಾಗೇ ಇದ್ದವು.

ಮಲಗಿರುವ ಅಜ್ಜಾರಿಗೇ ಫೋನು ಕೊಡಿ ಎಂದಳು ಶಿವಲೀಲಾ. ಸ್ಪೀಕರು ಹಾಕಿ ಅಜ್ಜಯ್ಯ ಫೋನನ್ನು ದಿಂಬಿನ ಮೇಲಿಟ್ಟ.

“ಅಜ್ಜಾರೆ, ಕೇಳಿಸ್ಕಳ್ರಿ. ನಿಮ್ಮ ಒಳಗೆ ಒಂದು ನೀರಿನ ಬಲೂನ್ ಐತೆ. ಪೈಪು ಬೀಳಬಾರದು ಅಂತ ಇಟ್ಟಿರದು. ಒಳಗಿನ ಮೂತ್ರದ ಚೀಲ ಅದನ್ನ ಉಚ್ಚೆ ಅಂದ್ಕಂಡು ಹೊರಗೆ ತಳ್ಳಾಕೆ ನೋಡ್ತೈತೆ. ಅದೇ ನಿಮಗೆ ಹಿಡಿಯದು. ನೀವೂ ಮ್ಯಾಲಿಂದ ತಿಣುಕಿದ್ರೆ ಇಬ್ರೂ ಸೇರಿ ತಳ್ಳಿದಂಗಾತು. ತಿಣುಕಬ್ಯಾಡ್ರಿ. ಬಾಯಿ ತೆಗೆದು ಉಸುರು ಬಿಡ್ರಿ, ತಾನೇ ಇಳೀತೈತೆ.”

“ಮತ್ತ ಆ ಮಾತ್ರಿ ಏನೂ ಕೆಲಸ ಮಾಡವಲ್ದಲ್ಲವ್ವ,” ಎಂದ ಚೌಡಣ್ಣ.

“ಹಿಡಕಂಡ ಮ್ಯಾಲೆ ನುಂಗಿದ್ರೆ ಹೆಂಗ್ ಮಾಡೀತು? ಅದು ಹಿಡೀದಂಗೆ ನೋಡ್ಕಳ್ಳೋ ಮಾತ್ರೆ. ಹೊತ್ತಿಗೆ ಸರಿಯಾಗಿ ಬೀಳಬೇಕು. ನೀವು ಅವತ್ತು ಮೂರು ಅಂದ್ರಿ, ಅದಕ್ಕೆ ಬೇಕಾದಾಗ ತಗಳ್ರಿ ಅಂದ್ರು. ಎಂಟು ಅಂದಿದ್ರೆ ಬೇರೆ ಥರ ಬರೀತಿದ್ರು.”

ಪೈಪು ಕತ್ತರಿಸುವ ವಿಚಾರವನ್ನು ಭರಮಮ್ಮ ಬಚ್ಚಿಡಲಿಲ್ಲ. ಶಿವಲೀಲಾ ಅದಕ್ಕೆ ಬೈಯಲಿಲ್ಲ. ಹಾಗೆ ಮಾಡಿದವರೊಬ್ಬರು ಬಂದಿದ್ದರು, ಒಳಗೆ ಉಳಿದದ್ದನ್ನು ತೆಗೆಯಲು ಮತ್ತೆ ಆಪರೇಷನ್ ಕೋಣೆಗೆ ಹೋಗಬೇಕಾಯಿತು ಎಂದಷ್ಟೇ ಹೇಳಿದಳು. ಚೌಡಣ್ಣ ಕಣ್ಣು ಮುಚ್ಚಿಕೊಂಡ.

ಅರ್ಧ ಗಂಟೆಯಲ್ಲಿ ಡಾಕ್ಟರನ್ನು ಕೇಳಿ ಅವಳೇ ತಿರುಗಿ ಫೋನು ಮಾಡಿದಳು. ಹಿಡಿತ ಇರಲಿ ಬಿಡಲಿ, ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು. ಬಾಯಿ ಒಣಗುತ್ತದೆ, ಅದಕ್ಕೆ ಹೆದರಬಾರದು. ಮಲ ಗಟ್ಟಿಯಾಗಬಾರದು, ಅದಕ್ಕೊಂದು ಔಷಧಿ ಬರೆದಿದ್ದಾರೆ. ನೀರು ಕುಡಿಯಬೇಕು, ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಒಳಗೆ ಇನ್ನೂ ಕೆರಳುತ್ತದೆ. ಚಹ ಕಡಿಮೆ. ಎರಡು ಗಂಟೆ ಚೀಲಕ್ಕೆ ಏನೂ ಇಳಿಯದಿದ್ದರೆ, ಗಡ್ಡೆ ಬಂದರೆ, ಚಳಿ ಜ್ವರ ಬಂದರೆ, ಫೋನು ಮಾಡುತ್ತ ಕೂರದೆ ಗಾಡಿ ಹತ್ತಬೇಕು. ಅಜ್ಜಯ್ಯ ಅದನ್ನೆಲ್ಲ ಮಿರ್ಚಿಯ ಪೊಟ್ಟಣದ ಎಣ್ಣೆ ಹತ್ತದ ಕಡೆ ಬರೆದುಕೊಂಡ. ಔಷಧಿ ತಾನೇ ತರುತ್ತೇನೆಂದು ಬೈಕು ತಿರುಗಿಸಿ ಕೊಟ್ಟೂರಿಗೆ ಹೋದ.

ನೋವು ಬರುವ ಮೊದಲೇ ಔಷಧಿ ನುಂಗುವುದು ಚೌಡಣ್ಣನಿಗೆ ಒಗ್ಗದ ವಿಚಾರ. ಬರದೇ ಇದ್ದರೆ ದಂಡವಲ್ಲವೇ ಎಂದ.

“ಕುರಿಗೆ ಕರುಳಬ್ಯಾನಿ ಇಂಜೆಕ್ಷನ್ ಯಾವಾಗ ಹಾಕ್ಸ್ತೀರಿ?” ಎಂದು ಕೇಳಿದಳು ಭರಮಮ್ಮ.

“ಮಳಿ ಬೀಳಾಕ ಮೊದ್ಲು.”

“ಯಾಕ? ನಾಕು ಕುರಿ ಉರುಳಿ ಬಿದ್ದ ಮ್ಯಾಲೆ ಹಾಕ್ಸಿದ್ರ ಆಗೂದಿಲ್ಲೇನು?”

ಚೌಡಣ್ಣ ಬಾಯಿ ತೆರೆದ. ಅವಳು ಅದರೊಳಗೆ ಮಾತ್ರೆ ಹಾಕಿ ತಂಬಿಗೆ ಎತ್ತಿ ಹಿಡಿದಳು. ಪೂರ್ತಿ ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ. ಬೇವಿನ ಬುಡ ಒದ್ದೆಯಾಗಿದ್ದು ತನಗೆ ಮೊದಲ ದಿನವೇ ಕಂಡಿತ್ತು ಎಂದೂ ಹೇಳಿದಳು.

ಒಂದೇ ದಿನಕ್ಕೆ ಗುಣ ಕಾಣಲಿಲ್ಲ. ಮರುದಿನವೂ ಹಿಡಿತ ಬಂತು, ಆದರೆ ಹಿಂಡುವ ಕೈಗಳಿಗೆ ಮೊದಲಿನ ಬಲವಿರಲಿಲ್ಲ. ಬಂದಾಗ ಭರಮಮ್ಮ ಎದುರಿಗೆ ಕುಳಿತು, ಬಾಯಿ ತೆರಿರಿ, ಉಸಿರು ಬಿಡ್ರಿ ಎನ್ನುತ್ತಿದ್ದಳು; ತಾನೂ ಬಾಯಿ ತೆರೆದು ಉಸಿರು ಬಿಟ್ಟು ತೋರಿಸುತ್ತಿದ್ದಳು. ಇಬ್ಬರೂ ಬಾಯಿ ತೆರೆದು ಕುಳಿತದ್ದನ್ನು ನೋಡಿ ಪಕ್ಕದ ಮನೆಯ ಮಾಳಮ್ಮ ಏನು ಸಂಗೀತ ಕಲಿಯುತ್ತಿದ್ದೀರೇನು ಎಂದು ನಕ್ಕಳು. ಎರಡನೆಯ ದಿನ ಮಧ್ಯಾಹ್ನ ಚೌಡಣ್ಣ ಎರಡು ಗಂಟೆ ಎಚ್ಚರವಿಲ್ಲದೆ ನಿದ್ದೆ ಮಾಡಿದ. ಎದ್ದಾಗ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು, ಮಾತೇ ಹೊರಡಲಿಲ್ಲ. ಭರಮಮ್ಮ ಕಲ್ಲುಸಕ್ಕರೆಯ ಒಂದು ಚೂರು ಬಾಯಿಗಿಟ್ಟಳು. ಅಷ್ಟು ಒಳ್ಳೆಯ ನಿದ್ದೆಗೆ ಅಷ್ಟು ಒಣಗುವುದು ನ್ಯಾಯವಾದ ಬೆಲೆ ಎಂದು ಅವನಿಗೆ ಅನ್ನಿಸಿತು.

ಶಿವಲೀಲಾ ದಿನಕ್ಕೊಮ್ಮೆ ಫೋನು ಮಾಡಿ ಎಷ್ಟು ಎಂದು ಕೇಳುತ್ತಿದ್ದಳು. ಆರು ಎಂದ, ಮರುದಿನ ನಾಲ್ಕು ಎಂದ. ಇದು ನಿಜದ ಅಂಕಿಯೇ. ಆದರೆ ಭರಮಮ್ಮ ಹಿಂದಿನಿಂದ ಫೋನು ಕಸಿದು, ಅವರ ನಾಲ್ಕನ್ನು ಎಂಟು ಅಂತ ಬರ್ಕೊಳ್ಳವ್ವ ಎನ್ನುತ್ತಿದ್ದಳು. ಚೌಡಣ್ಣ ದೇವರಾಣೆ ನಾಲ್ಕೇ ಎನ್ನುತ್ತಿದ್ದ. ನಿಮ್ಮ ಸಂಸಾರದ ಲೆಕ್ಕ ಮೊದಲು ನೀವು ಬಗೆಹರಿಸಿಕೊಳ್ಳಿ ಎಂದು ಶಿವಲೀಲಾ ಫೋನು ಇಟ್ಟಳು. ಅಂದು ಸಂಜೆ ಹಿಡಿತ ಬಂದು ಹೋದ ಮೇಲೆ ಭರಮಮ್ಮ ಗಂಡನ ಮುಖವನ್ನು ಬಹಳ ಹೊತ್ತು ನೋಡಿ, ನಾಲ್ಕೇ ಇರಬೇಕು ಬಿಡ್ರಿ ಎಂದು ಒಪ್ಪಿದಳು.

ಪೈಪು ತೆಗೆಯುವ ಹಿಂದಿನ ದಿನ ಮಾತ್ರೆ ನಿಲ್ಲಿಸಬೇಕು ಎಂದು ಡಾಕ್ಟರ ಮಾತು ಬಂತು. ಮೂತ್ರದ ಚೀಲವನ್ನು ಸುಮ್ಮನಿರಿಸುವ ಮಾತ್ರೆ ಅದು. ಪೈಪು ಹೋದಮೇಲೆ ಒಳಗಿನ ಆ ಚೀಲ ತಾನೇ ಹಿಂಡಿ ಹೊರಗೆ ಹಾಕಬೇಕಲ್ಲ, ಅದಕ್ಕೆ ಈಗ ಅದನ್ನು ಎಬ್ಬಿಸಬೇಕು. ನಾಲ್ಕು ದಿನದ ಹಿಂದೆ ಆ ಪಟ್ಟಿಯನ್ನು ಕೈಲಾಗದ್ದು ಎಂದು ಬೈದವನು ಈಗ ಅದಿಲ್ಲದೆ ಹೇಗೆ ಎಂದು ಹೆದರಿದ. ಬೆಳಿಗ್ಗೆ ಎಂಟಾದಾಗ ಅವನ ಕಣ್ಣು ಮಾತ್ರೆ ಇದ್ದ ಕಡೆಗೇ ಹೋಯಿತು. ಆ ದಿನ ಮೂರು ಸಲ ಹಿಡಿಯಿತು. ಒಂದು ಚೆನ್ನಾಗಿಯೇ ಹಿಡಿಯಿತು. ಬಾಯಿ ತೆರೆದು ಉಸಿರು ಬಿಟ್ಟ, ತಿಣುಕಲಿಲ್ಲ.

ದಾವಣಗೆರೆಯಲ್ಲಿ ಪೈಪು ತೆಗೆಯುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಶಿವಲೀಲಾ ಸಿರಿಂಜಿನಿಂದ ಬಲೂನಿನ ನೀರು ಎಳೆದಳು, ಒಮ್ಮೆ ಚುರುಕ್ ಎಂದಿತು, ಪೈಪು ಹೊರಗೆ ಬಂದಿತ್ತು. ಕಷ್ಟ ಆಮೇಲಿನದು. ನೀರು ಕುಡಿದು ಕಾಯಬೇಕು, ಬಂದಾಗ ಅಳತೆಯ ಜಗ್ಗಿಗೆ ಹೋಗಿ ತೋರಿಸಬೇಕು. ಬಾರದಿದ್ದರೆ ಮತ್ತೆ ಪೈಪು. ಚೌಡಣ್ಣ ಮೂರು ಬಾಟಲಿ ನೀರು ಕುಡಿದು ಬೆಂಚಿನ ಮೇಲೆ ಕುಳಿತ. ಪಕ್ಕದಲ್ಲಿ ಭರಮಮ್ಮ, ಅವಳ ಪಕ್ಕದಲ್ಲಿ ಮಂದೆ ಬಿಟ್ಟು ಬಂದ ದುರುಗೇಶ್. ಗಂಡನ ಮೂತ್ರಕ್ಕಾಗಿ ಮೂರು ಜನ ಹೀಗೆ ಕಾಯುತ್ತಾರೆ ಎಂದು ಯಾರು ಕಂಡಿದ್ದರು ಎಂದು ಭರಮಮ್ಮನಿಗೆ ಒಳಗೊಳಗೇ ನಗು ಬಂತು, ಆದರೆ ನಗಲಿಲ್ಲ. ಒಂದೂವರೆ ಗಂಟೆಯ ಮೇಲೆ ಅವನು ಎದ್ದು ಒಳಗೆ ಹೋದ. ಬಹಳ ಹೊತ್ತು ಸದ್ದಿಲ್ಲ. ಹೊರಗೆ ಬಂದಾಗ ಜಗ್ಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಉರಿಯಿತು, ನಡುಗಿಸಿತು, ಆದರೆ ಒಂದೇ ಧಾರೆಯಾಗಿ ಬಂತು ಎಂದು ವರಾಂಡದಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದ.

ಇನ್ನೂ ಕೆಲವು ವಾರ ಆಗಾಗ ಅವಸರವಾಗುತ್ತದೆ, ಸಣ್ಣದಾಗಿ ಹಿಡಿಯಲೂಬಹುದು, ಮೆಲ್ಲಗೆ ಕಡಿಮೆಯಾಗುತ್ತದೆ ಎಂದು ಹೇಳಿ ಕಳಿಸಿಕೊಟ್ಟರು.

ಪಿಕಪ್ಪು ಹರಪನಹಳ್ಳಿ ಮುಟ್ಟುವುದರೊಳಗೆ ಎರಡು ಸಲ ನಿಂತಿತು. ಮೂರನೆಯ ಸಲ ಕೊಟ್ಟೂರಿನ ದಾರಿಯಲ್ಲಿ, ಎರಡೂ ಕಡೆ ಮೆಕ್ಕೆಜೋಳದ ಹೊಲ. ದುರುಗೇಶ್ ಗಾಡಿಯನ್ನು ಬದಿಗೆ ತಂದ. ಚೌಡಣ್ಣ ಬದುವಿನ ಕಡೆ ನಡೆದ. ಭರಮಮ್ಮ ನೀರಿನ ಬಾಟಲಿ ಹಿಡಿದು, ಬೆನ್ನು ತಿರುಗಿಸಿ ರಸ್ತೆ ನೋಡುತ್ತ ನಿಂತಳು. ಮೂರು ಹನಿ ಬಂದವು ಅಷ್ಟೇ. ಅದರ ಹಿಂದೆಯೇ ಹಳೆಯ ಕೈ ಒಳಗೆ ಹಿಂಡತೊಡಗಿತು. ಅವನು ಅಲ್ಲಿಯೇ ನಿಂತು ಹಲ್ಲು ಕಚ್ಚಿದ. ಆಮೇಲೆ ಕಚ್ಚಿದ್ದನ್ನು ಬಿಟ್ಟ.

“ಭರಮಿ,” ಎಂದು ಕರೆದ. “ಬಾ ಇಲ್ಲಿ. ಹಿಡಕೊಂಡೈತಿ.”

ಅವಳು ಬಾಟಲಿ ಕೆಳಗಿಟ್ಟು ಬಂದಳು. ಅವನು ಅವಳ ಹೆಗಲ ಮೇಲೆ ಕೈ ಹಾಕಿ ಭಾರ ಬಿಟ್ಟ. ಎಲ್ಲಿ ಎಂದು ಅವಳು ಕೇಳುವ ಮೊದಲೇ ಎಲ್ಲಿ ಎಂದು ಹೇಳಿದ, ಹೇಗೆ ಬರುತ್ತದೆ, ಯಾವ ಕಡೆಯಿಂದ ಶುರುವಾಗುತ್ತದೆ, ಬಿಡುವಾಗ ಹೇಗಿರುತ್ತದೆ, ಎಲ್ಲವನ್ನೂ ಒಂದೊಂದಾಗಿ, ಉಸಿರು ಸಿಕ್ಕಷ್ಟು. ದುರುಗೇಶ್ ಎಂಜಿನ್ ಆರಿಸಿದ. ಎದುರಿನಿಂದ ಒಂದು ಬಸ್ಸು ಬಂದು ಹೋಯಿತು, ಕಿಟಕಿಯಲ್ಲಿದ್ದವರು ನೋಡಿದರು. ನೋಡಲಿ ಎಂದು ಭರಮಮ್ಮ ಅಲ್ಲಾಡದೆ ನಿಂತಳು.

“ಇಳೀತೇನ್ರಿ?”

“ಇನ್ನಾ ಇಲ್ಲ. ತಡಿ.”

ಅವಳು ತಡೆದಳು.